ಮರಳಿ ಬರುವ ರಾಕೆಟ್ಟು

2024ನೆಯ ಇಸವಿಯ ನವೆಂಬರಿನಲ್ಲಿ ನಮ್ಮ ದೇಶದ ಜಿಸ್ಯಾಟ್-ಎನ್2 ಉಪಗ್ರಹವು ಅಮೆರಿಕದ ಫ್ಲಾರಿಡಾದಿಂದ ಫಾಲ್ಕನ್ 9 ಎಂಬ ರಾಕೆಟ್ಟನ್ನೇರಿ ಅಂತರಿಕ್ಷಕ್ಕೆ ಹೋಯಿತು. 4,700 ಕಿಲೋಗ್ರಾಂ ತೂಗುವ ಆ ಹೊರೆಯನ್ನು ಬೇಕಾದ ಕಕ್ಷೆಗೆ ಎತ್ತುವ ಬಲ ಆಗ ನಮ್ಮ ರಾಕೆಟ್ಟುಗಳಿಗಿರಲಿಲ್ಲ. ಅದನ್ನು ಎತ್ತಿಕೊಟ್ಟ ರಾಕೆಟ್ಟಿನ ಕೆಳ ಹಂತವಾದರೋ ಸಮುದ್ರದ ಪಾಲಾಗದೆ ಹಿಂದಿರುಗಿ ಇಳಿಯಿತು. ಈ ಎರಡನೆಯ ಸಂಗತಿಯೇ ನಮ್ಮವರು ಹೆಚ್ಚಾಗಿ ಮನನ ಮಾಡತಕ್ಕದ್ದೆಂದು ನಮ್ಮ ಅಭಿಪ್ರಾಯ.

ಇದರ ಕ್ರಮವನ್ನು ವಾಚಕರು ತುಸು ಅರಿಯುವುದೊಳ್ಳಿತು. ಕೆಳ ಹಂತದಲ್ಲಿ ಒಂಬತ್ತು ಇಂಜಿನುಗಳಿವೆ; ಶುದ್ಧಗೊಳಿಸಿದ ಸೀಮೆಎಣ್ಣೆಯೂ ದ್ರವರೂಪದ ಆಮ್ಲಜನಕವೂ ಅವುಗಳ ಆಹಾರ. ಹೊರಟ ಸುಮಾರು ಎರಡೂವರೆ ನಿಮಿಷಕ್ಕೆ ಈ ಹಂತವು ಕಳಚಿಕೊಂಡು, ಅನಿಲವನ್ನು ಚಿಮ್ಮಿಸಿ ತಿರುಗಿಕೊಳ್ಳುತ್ತದೆ. ದಟ್ಟವಾದ ಗಾಳಿಯನ್ನು ಹೊಗುವ ಮುನ್ನ ಮೂರು ಇಂಜಿನುಗಳನ್ನು ಹೊತ್ತಿಸಿ ವೇಗವನ್ನು ಕುಗ್ಗಿಸುತ್ತದೆ. ಇಲ್ಲವಾದರೆ ತಾಪವೂ ಒತ್ತಡವೂ ಅದನ್ನು ಹಾಳುಗೆಡವಿಯಾವು. ಜಾಲರಿಯಂತಹ ನಾಲ್ಕು ರೆಕ್ಕೆಗಳು ದಾರಿ ತಪ್ಪದಂತೆ ಕಾಯುತ್ತವೆ. ಕಟ್ಟಕಡೆಗೆ ನಡುವಣ ಇಂಜಿನು ಉರಿದು, ನಾಲ್ಕು ಕಾಲುಗಳ ಮೇಲೆ ಅದನ್ನು ಇಳಿಸುತ್ತದೆ. ಬರಿದಾದ ಹಂತವು ಬಹು ಹಗುರ. ಆ ಒಂದೇ ಇಂಜಿನನ್ನು ಎಷ್ಟು ತಗ್ಗಿಸಿದರೂ ಅದರ ಬಲವು ಹಂತದ ತೂಕವನ್ನು ಮೀರುತ್ತದೆ. ಆದುದರಿಂದ ಗಾಳಿಯಲ್ಲಿ ತಂಗಿ ನೆಲ ನೋಡಿಕೊಳ್ಳುವ ಅವಕಾಶವಿಲ್ಲ. ನೆಲ ಮುಟ್ಟುವ ಕ್ಷಣಕ್ಕೇ ವೇಗವು ಸೊನ್ನೆಯಾಗಬೇಕು. 2015ರ ಜನವರಿಯಲ್ಲಿಯೂ ಏಪ್ರಿಲಿನಲ್ಲಿಯೂ ಇಳಿಯಹೋಗಿ ನುಚ್ಚುನೂರಾದ ಮೇಲೆ, ಅದೇ ಡಿಸೆಂಬರಿನಲ್ಲಿ ಈ ಕಾರ್ಯವು ಕೈಗೂಡಿತು. 2017ರ ಮಾರ್ಚಿನಲ್ಲಿ, ಮರಳಿದ ಹಂತವೊಂದು ಮತ್ತೆ ಹಾರಿತು.

ಆದರೆ ಮರಳುವುದಕ್ಕೂ ಸುಂಕವುಂಟು. ಇಳಿಯಲು ಉಳಿಸಿಟ್ಟ ಇಂಧನ, ಕಾಲು, ರೆಕ್ಕೆ ಎಲ್ಲವೂ ತೂಕವೇ. ಅಷ್ಟರಮಟ್ಟಿಗೆ ಸಾಗಿಸುವ ಹೊರೆ ಕಡಿಮೆಯಾಗುತ್ತದೆ. ಮೇಲಿನ ಹಂತವಂತೂ ಇಂದಿಗೂ ಮರಳದು. ಮರಳಿ ಬಂದ ಮಾತ್ರಕ್ಕೆ ವೆಚ್ಚ ಇಳಿಯುವುದೂ ಇಲ್ಲ. 1981ರಿಂದ 2011ರವರೆಗೆ 135 ಸಲ ಹೊರಟ ಅಮೆರಿಕದ ಸ್ಪೇಸ್ ಶಟ್ಲ್ ನೌಕೆಯೂ ಮರಳಿ ಬರುವಂತಹುದೇ. ಪ್ರತಿ ಸಲದ ದುರಸ್ತಿಯೇ ಉಳಿತಾಯವನ್ನು ನುಂಗಿತು. ಬೇಗ ಸಿದ್ಧವಾಗಿ ಪದೇ ಪದೇ ಹಾರಿದರೆ ಮಾತ್ರ ಲಾಭ.

ನಮ್ಮ ವಿಜ್ಞಾನಿಗಳು ಕೈಕಟ್ಟಿ ಕುಳಿತಿಲ್ಲ. 2023, 2024ರಲ್ಲಿ ಇಸ್ರೋ ಸಂಸ್ಥೆಯು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ರೆಕ್ಕೆಯುಳ್ಳ ವಾಹನವನ್ನು ಸುಮಾರು ನಾಲ್ಕೂವರೆ ಕಿಲೋಮೀಟರು ಎತ್ತರದಿಂದ ಬಿಟ್ಟು, ಚಾಲಕನಿಲ್ಲದೆ ಮೂರು ಸಲ ನೆಲಕ್ಕಿಳಿಸಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು, ಕೆಳ ಹಂತ ಮರಳುವ, ಭೂಮಿಯ ಸಮೀಪದ ಕಕ್ಷೆಗೆ 30 ಟನ್ನು ಒಯ್ಯಬಲ್ಲ ಹೊಸ ರಾಕೆಟ್ಟಿಗೆ 8,240 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಇದು ಸಂತೋಷದ ಸಂಗತಿ. ಆದರೆ ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ ಹಾರುವ ರಾಕೆಟ್ಟನ್ನು ಮರಳಿಸಿ ಫಲವೇನು? ಅದಕ್ಕೆ ಎಡೆಬಿಡದೆ ಹೊರೆಯೊದಗಿಸುವ ಉಪಗ್ರಹ ಕಾರ್ಖಾನೆಗಳೂ, ಮೊದಲ ಸೋಲುಗಳನ್ನು ಸಹಿಸುವ ತಾಳ್ಮೆಯೂ ನಮ್ಮಲ್ಲಿ ಬೆಳೆಯಬೇಕು. ಸರ್ಕಾರವು ಹಣ ಕೊಟ್ಟಿದೆ; ತಾಳ್ಮೆಯನ್ನು ಕೊಡಬೇಕಾದವರು ನಾವು, ಪ್ರಜೆಗಳು.