ಏರುಮಡಿಯಲ್ಲಿ ತರಕಾರಿ: ಗಿಡಗಳ ಅಂತರ ಮತ್ತು ಜೋಡಣೆ

ನಗರಗಳ ವಸತಿಗೃಹಗಳ ಹಿತ್ತಿಲಲ್ಲಿ ತರಕಾರಿ ಬೆಳೆಯಲು ದೊರೆಯುವ ಸ್ಥಳ ಅತ್ಯಲ್ಪ. ಇರುವ ನೆಲದಲ್ಲಿ ಹೆಚ್ಚು ಸಸಿಗಳನ್ನು ನೆಟ್ಟಷ್ಟೂ ಹೆಚ್ಚು ಫಸಲು ಬರುವುದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಪರಿಣಾಮ ಇದಕ್ಕೆ ವಿರುದ್ಧವಾಗಿರುತ್ತದೆ. ಒತ್ತಾಗಿ ಬೆಳೆದ ಗಿಡಗಳು ಬೆಳಕು, ನೀರು ಮತ್ತು ಪೋಷಕಾಂಶಗಳಿಗಾಗಿ ಪರಸ್ಪರ ಸ್ಪರ್ಧಿಸುತ್ತವೆ. ಗಾಳಿಯಾಡದೆ ಎಲೆಗಳ ಮೇಲೆ ತೇವ ನಿಂತು ಶಿಲೀಂಧ್ರ ರೋಗಗಳು ಹರಡುತ್ತವೆ. ಅಂತರ ಅತಿಯಾದರೂ ಬರಿದಾದ ನೆಲದಲ್ಲಿ ಕಳೆ ಬೆಳೆದು ತೇವಾಂಶ ಆರಿಹೋಗುತ್ತದೆ. ಆದುದರಿಂದ ಪೂರ್ಣವಾಗಿ ಬೆಳೆದ ಗಿಡದ ಹರವನ್ನು ಅನುಸರಿಸಿಯೇ ಅಂತರವನ್ನು ನಿಗದಿಪಡಿಸಬೇಕು.

ಮಡಿಯ ಅಳತೆ

ಮಡಿಯನ್ನು ನೆಲಮಟ್ಟದಿಂದ 15ರಿಂದ 20 ಸೆಂ.ಮೀ. ಎತ್ತರಿಸಬೇಕು. ಇದರಿಂದ ಮುಂಬಯಿಯ ಮುಂಗಾರಿನಲ್ಲಾಗಲಿ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಚೆನ್ನೈಯ ಮಳೆಯಲ್ಲಾಗಲಿ ಬೇರಿನ ಬಳಿ ನೀರು ನಿಲ್ಲುವುದಿಲ್ಲ. ಮಡಿಯ ಅಗಲ 120 ಸೆಂ.ಮೀ. ಮೀರಬಾರದು. ಎರಡೂ ಬದಿಗಳಿಂದ 60 ಸೆಂ.ಮೀ.ವರೆಗೆ ಕೈ ನಿಲುಕುವುದರಿಂದ ಮಡಿಯನ್ನು ತುಳಿಯುವ ಪ್ರಸಂಗ ಬರುವುದಿಲ್ಲ. ಮಣ್ಣು ಗಟ್ಟಿಯಾಗದೆ ಸಡಿಲವಾಗಿ ಉಳಿಯುತ್ತದೆ. ಗೋಡೆಗೆ ಹೊಂದಿಕೊಂಡ ಮಡಿಗೆ 60 ಸೆಂ.ಮೀ. ಅಗಲ ಸಾಕು. ಮಡಿಗಳ ನಡುವೆ 45 ಸೆಂ.ಮೀ. ಕಾಲುದಾರಿ ಇರಲಿ.

ಗಿಡಗಳ ಅಂತರ

ಸಾಲಿನಿಂದ ಸಾಲಿಗೆ ಹಾಗೂ ಗಿಡದಿಂದ ಗಿಡಕ್ಕೆ ಅನುಕ್ರಮವಾಗಿ ಇರಬೇಕಾದ ಅಂತರ (ಸೆಂ.ಮೀ.ಗಳಲ್ಲಿ):

ಬದನೆ – 60, 60
ಟೊಮ್ಯಾಟೊ – 60, 45
ಎಲೆಕೋಸು – 45, 45
ಬೆಂಡೆ – 45, 30
ಮೂಲಂಗಿ, ಗಜ್ಜರಿ – 30, 10
ಈರುಳ್ಳಿ – 15, 10

ಒಂದು ಮಾದರಿ ಮಡಿ

ಪೂರ್ವ-ಪಶ್ಚಿಮವಾಗಿ 3 ಮೀಟರ್ ಉದ್ದ, 120 ಸೆಂ.ಮೀ. ಅಗಲದ ಮಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೊದಲು ಚೌಕುಳಿ ಕಾಗದದ ಮೇಲೆ ಒಂದು ಚೌಕಕ್ಕೆ 15 ಸೆಂ.ಮೀ.ನಂತೆ ನಕ್ಷೆ ಬರೆಯಬೇಕು. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ಎತ್ತರದ ಗಿಡಗಳು ಉತ್ತರದಲ್ಲಿರಬೇಕು. ಇಲ್ಲವಾದರೆ ಅವುಗಳ ನೆರಳು ಗಿಡ್ಡ ಗಿಡಗಳ ಮೇಲೆ ಬೀಳುತ್ತದೆ.

ಉತ್ತರದ ಅಂಚಿನಿಂದ 15 ಸೆಂ.ಮೀ. ಬಿಟ್ಟು, ಊರುಗೋಲಿನ ಆಸರೆಯಲ್ಲಿ 6 ಟೊಮ್ಯಾಟೊ ಗಿಡಗಳು, 75 ಸೆಂ.ಮೀ. ದೂರದಲ್ಲಿ 6 ಎಲೆಕೋಸುಗಳು, 105 ಸೆಂ.ಮೀ. ದೂರದಲ್ಲಿ ಸುಮಾರು 28 ಈರುಳ್ಳಿ ಸಸಿಗಳು. ಟೊಮ್ಯಾಟೊ ಮತ್ತು ಎಲೆಕೋಸಿನ ಸಾಲುಗಳ ನಡುವೆ ಒಂದು ಸಾಲು ಮೂಲಂಗಿ ಬಿತ್ತಬಹುದು. ಇದು ಸುಮಾರು 40 ದಿನಗಳಲ್ಲಿ, ನೆರೆಯ ಗಿಡಗಳು ಹರಡಿಕೊಳ್ಳುವ ವೇಳೆಗೆ, ಕೀಳಲು ಸಿದ್ಧವಾಗುತ್ತದೆ. ಎಲೆಕೋಸಿಗೆ ತಂಪು ಹವೆ ಬೇಕಾದುದರಿಂದ ಸೆಕೆ ಹೆಚ್ಚಿರುವ ಮುಂಬಯಿ, ಚೆನ್ನೈಗಳಲ್ಲಿ ಅದರ ಬದಲು ಅದೇ ಅಂತರದಲ್ಲಿ ಮೆಣಸಿನಗಿಡ ನೆಡಬಹುದು. ದೆಹಲಿಯಲ್ಲಿ ಡಿಸೆಂಬರ್, ಜನವರಿಗಳ ರಾತ್ರಿ ಟೊಮ್ಯಾಟೊ ಗಿಡಗಳಿಗೆ ಹೊದಿಕೆ ಅವಶ್ಯಕ.

ನಂತರದ ಆರೈಕೆ

ಬಿತ್ತಿದ ಮೂಲಂಗಿ, ಗಜ್ಜರಿಗಳು ಮೊಳೆತ ಮೇಲೆ ನಿಗದಿತ ಅಂತರ ಉಳಿಯುವಂತೆ ಹೆಚ್ಚುವರಿ ಸಸಿಗಳನ್ನು ಕಿತ್ತುಹಾಕಬೇಕು. ಮೊಳೆತ ಸಸಿಯನ್ನು ಕೀಳಲು ಮನಸ್ಸು ಒಪ್ಪದಿರಬಹುದು. ಆದರೆ ಹಾಗೆಯೇ ಬಿಟ್ಟಲ್ಲಿ ಸೊಪ್ಪು ಮಾತ್ರ ಬೆಳೆದು ಗಡ್ಡೆ ಕಟ್ಟುವುದಿಲ್ಲ. ಏರುಮಡಿಯ ಮಣ್ಣು ಬೇಗನೆ ಒಣಗುವುದರಿಂದ ಬೇಸಗೆಯಲ್ಲಿ ಒಣಹುಲ್ಲು ಅಥವಾ ತರಗೆಲೆಯನ್ನು ಹೊದಿಸಬೇಕು.

ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಒಂದೇ ಕುಟುಂಬಕ್ಕೆ ಸೇರಿದ ಬೆಳೆಗಳು. ಇವುಗಳನ್ನು ಒಂದೇ ಮಡಿಯಲ್ಲಿ ಮತ್ತೆ ಮತ್ತೆ ಬೆಳೆದರೆ ಸೊರಗು ರೋಗದ ಭಯವಿರುತ್ತದೆ. ಆದುದರಿಂದ ಹಿಂದಿನ ನಕ್ಷೆಯನ್ನು ಜೋಪಾನವಾಗಿರಿಸಿ, ಮುಂದಿನ ಹಂಗಾಮಿನಲ್ಲಿ ಅದೇ ಸ್ಥಳದಲ್ಲಿ ಹುರುಳಿಕಾಯಿ ಅಥವಾ ಅಲಸಂದೆ ಬೆಳೆಯುವುದು ಹಿತಕರ.