ವ್ಯಾಸರಾಯರ ದೇವರು ದೂರದವನೇ?

ಪ್ರಶ್ನೆ: ಡೀಯಿಸಂ, ಪ್ಯಾಂಥೀಯಿಸಂ, ಪ್ಯಾನೆಂಥೀಯಿಸಂ ನಡುವಿನ ವ್ಯತ್ಯಾಸವೇನು? ದ್ವೈತವನ್ನು ಡೀಯಿಸಂ ಎನ್ನಬಹುದೇ?
– ಓದುಗರೊಬ್ಬರು, ಕಂಪ್ಲಿ

ಉತ್ತರ: ದ್ವೈತವನ್ನು ಖಂಡಿತ ಡೀಯಿಸಂ ಎನ್ನಲಾಗದು. ಡೀಯಿಸಂನ ದೇವರು ಗಡಿಯಾರಕ್ಕೆ ಕೀಲಿ ಕೊಟ್ಟು ಹೊರಟವನಂತೆ. ಜಗತ್ತನ್ನು ಸೃಷ್ಟಿಸಿ, ನಿಯಮ ಹಾಕಿಕೊಟ್ಟ ಮೇಲೆ ಅದರಲ್ಲಿ ಕೈಹಾಕುವುದಿಲ್ಲ. ಪವಾಡವೂ ಇಲ್ಲ, ಮೊರೆಗೆ ಓಗೊಡುವುದೂ ಇಲ್ಲ. 18ನೇ ಶತಮಾನದಲ್ಲಿ ವಾಲ್ಟೇರ್, ಥಾಮಸ್ ಪೇನ್ ಇದನ್ನು ಎತ್ತಿ ಹಿಡಿದರು. ಸ್ಪಿನೋಜಾನ ಹೆಸರಿನೊಂದಿಗೆ ಬೆಸೆದುಕೊಂಡ ಪ್ಯಾಂಥೀಯಿಸಂಗೆ ಜಗತ್ತೇ ದೇವರು, ಅದರಾಚೆ ಬೇರೊಬ್ಬನಿಲ್ಲ. ಪ್ಯಾನೆಂಥೀಯಿಸಂನಲ್ಲಿ ಜಗತ್ತು ದೇವರೊಳಗಿದೆ, ದೇವರು ಅದನ್ನೂ ಮೀರಿದವನು. ಜಗತ್ತು ಪರಮಾತ್ಮನ ಶರೀರ ಎಂದ ರಾಮಾನುಜರು ಇದಕ್ಕೆ ಬಹಳ ಹತ್ತಿರ.

ಈಗ ನಿಮ್ಮ ಪಕ್ಕದ ಹಂಪಿಗೆ ಬರೋಣ. ದ್ವೈತ ಅಂದರೆ ಮಧ್ವಮತದ ಯತಿ ವ್ಯಾಸರಾಯರು ‘ನ್ಯಾಯಾಮೃತ’ ಗ್ರಂಥದಲ್ಲಿ ಅದ್ವೈತವನ್ನು ಖಂಡಿಸಿ, ದೇವರು ಬೇರೆ, ಜೀವ ಬೇರೆ, ಜಗತ್ತು ಸತ್ಯ ಎಂದು ವಾದಿಸಿದರು. ಬೇರೆ ಎಂದಮಾತ್ರಕ್ಕೆ ದೂರ ಎಂದಲ್ಲ. ಮಧ್ವಮತದ ಹರಿ ಪ್ರತಿ ಜೀವದೊಳಗೂ ಅಂತರ್ಯಾಮಿಯಾಗಿದ್ದು ಕ್ಷಣಕ್ಷಣವೂ ನಡೆಸುವವನು, ಭಕ್ತರ ಕೂಗಿಗೆ ಒಲಿಯುವವನು. ಹಂಪಿಯ ಚಕ್ರತೀರ್ಥದ ಬಳಿ ಷಟ್ಕೋನ ಯಂತ್ರದ ನಡುವೆ ಕುಳಿತ ಆಂಜನೇಯನನ್ನು ಪ್ರತಿಷ್ಠಾಪಿಸಿದವರು ವ್ಯಾಸರಾಯರೇ ಎಂಬುದು ಪರಂಪರೆಯ ನಂಬಿಕೆ. ಅಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. ಕೈಕಟ್ಟಿ ಕುಳಿತ ದೇವರಿಗೆ ಇಂಥ ಪೂಜೆ ಯಾಕೆ ಬೇಕು?

ಇನ್ನು, ಅದೇ ಹಂಪಿಯೊಂದಿಗೆ ನಂಟಿದ್ದ ಇನ್ನೊಬ್ಬ ಯತಿ ವಿದ್ಯಾರಣ್ಯರ ಅದ್ವೈತವನ್ನು ಪ್ಯಾಂಥೀಯಿಸಂ ಎನ್ನುವುದೂ ಅವಸರದ ಮಾತೇ. ಕಾಣುವ ಜಗತ್ತೇ ಬ್ರಹ್ಮ ಎಂದು ಅವರು ಹೇಳಲಿಲ್ಲ. ಬ್ರಹ್ಮವೊಂದೇ ಪರಮಸತ್ಯ, ಜಗತ್ತು ಮಾಯೆಯಿಂದ ತೋರುವಂಥದು ಎಂದರು.

ವ್ಯಾಸರಾಯರು 1539ರಲ್ಲಿ ವೃಂದಾವನಸ್ಥರಾದರು. ಅವರ ವೃಂದಾವನ ಆನೆಗೊಂದಿ ಬಳಿಯ ನಡುಗಡ್ಡೆಯಲ್ಲಿದೆ. ತುಂಗಭದ್ರೆಯ ನೆರೆ ಇಳಿದಾಗ ದೋಣಿಯಲ್ಲಿ ಹೋಗಿ ನೋಡಿ ಬನ್ನಿ.