ನಿಮಗಿದು ಗೊತ್ತೆ?: ಗಾಜು ಊದುವುದು ಒಂಟಿ ಕೆಲಸವಲ್ಲ

ಊದುಗಾಜಿನ ಕಲೆಯಿಂದ ಜಗತ್ಪ್ರಸಿದ್ಧರಾದ ಅಮೆರಿಕದ ಡೇಲ್ ಚಿಹುಲಿ ಅವರ ಹೆಚ್ಚಿನ ಕೃತಿಗಳನ್ನು ಊದಿದ್ದು ಬೇರೆಯವರು! 1976ರಲ್ಲಿ ಇಂಗ್ಲೆಂಡಿನ ಕಾರು ಅಪಘಾತದಲ್ಲಿ ಅವರ ಎಡಗಣ್ಣು ಹೋಯಿತು. 1979ರಲ್ಲಿ ಸಮುದ್ರದ ಅಲೆಗಳಲ್ಲಿ ಆಡುವಾಗ ಭುಜದ ಕೀಲು ತಪ್ಪಿತು. ಗಾಜು ಊದುವ ಭಾರದ ಕೊಳವೆ ಹಿಡಿಯುವುದು ಕಷ್ಟವಾದ ಮೇಲೆ ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸತೊಡಗಿದರು. ಊದುವುದು ತಂಡದ ಪಾಲಾಯಿತು.

ಇದರಲ್ಲಿ ಮೋಸ ಹುಡುಕಬೇಕಿಲ್ಲ. ದೊಡ್ಡ ಪಾತ್ರೆಯೆಂದರೆ ಹೇಗೂ ನಾಲ್ಕಾರು ಕೈ ಬೇಕು. ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಿಂದ ತೆಗೆದ ಗಾಜು ಜೇನಿನಂತೆ ಜೋಲುತ್ತದೆ, ಕೊಳವೆ ತಿರುಗಿಸುವುದನ್ನು ನಿಲ್ಲಿಸುವಂತಿಲ್ಲ. ಮೇಸ್ತ್ರಿ ಕುಳಿತು ಆಕಾರ ತಿದ್ದುತ್ತಿರುವಾಗಲೇ ಇನ್ನೊಬ್ಬರು ತುದಿಯಿಂದ ಊದಬೇಕು, ಮತ್ತೊಬ್ಬರು ಹಿಡಿಕೆಗೆ ಬೇಕಾದ ಬಿಸಿ ಗಾಜು ತರಬೇಕು. ಆದದ್ದನ್ನು ಬೇರೆ ಒಲೆಯಲ್ಲಿಟ್ಟು ನಿಧಾನವಾಗಿ ತಣಿಸದಿದ್ದರೆ ಬಿರುಕು ಖಂಡಿತ.

ಚಿಹುಲಿ ಅವರ ಈ ತಂಡದ ಕೆಲಸಕ್ಕೆ ಇಟಲಿಯ ಹಳೆಯ ನಂಟೂ ಇದೆ. ವೆನಿಸ್ ಗಣರಾಜ್ಯ 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಕಳಿಸಿತು. ಊರಿಗೆ ಬೆಂಕಿ ಬೀಳಬಾರದು ಎಂಬುದು ಕಾರಣ. ಕಸುಬಿನ ಗುಟ್ಟು ಹೊರಬೀಳದಂತೆ ಕುಶಲಕರ್ಮಿಗಳು ಬೇರೆ ನಾಡಿಗೆ ಹೋಗುವುದಕ್ಕೂ ತಡೆಯಿತ್ತು. ಅದೇ ಮುರಾನೊದಲ್ಲಿ ಬಾಲ್ಯದಿಂದಲೇ ಪಳಗಿದ ಲೀನೊ ತಾಲ್ಯಾಪಿಯೆತ್ರ 1979ರಲ್ಲಿ ಅಮೆರಿಕಕ್ಕೆ ಹೋದರು. ಸಿಯಾಟಲ್ ಬಳಿ ಚಿಹುಲಿ ಮತ್ತು ಗೆಳೆಯರು 1971ರಲ್ಲಿ ಕಟ್ಟಿದ್ದ ಪಿಲ್ಚಕ್ ಶಾಲೆಯಲ್ಲಿ ತಮ್ಮ ವಿದ್ಯೆಯನ್ನು ಮುಚ್ಚುಮರೆಯಿಲ್ಲದೆ ಕಲಿಸಿದರು. ಸ್ವಂತ ದ್ವೀಪದಲ್ಲಿ ಕೆಲವರು ಇದಕ್ಕೆ ಮುನಿಸಿಕೊಂಡದ್ದೂ ಉಂಟು! ಚಿಹುಲಿ ಚಿತ್ರ ಬರೆದು, ಲೀನೊ ಗಾಜಿಗಿಳಿಸಿದ ‘ವೆನಿಶಿಯನ್ಸ್’ ಹೂಜಿಗಳ ಸರಣಿ 1988ರಲ್ಲಿ ಶುರುವಾಯಿತು.